ಕ್ಯಾತನಹಳ್ಳಿಯ ದಾರಿಯ ಕವಳೆ

ಪಾಂಡವಪುರದಿಂದ ಕ್ಯಾತನಹಳ್ಳಿಯ ಕಡೆಗೆ ಹೊರಟ ನಮಗೆ ಬತ್ತ ಕಬ್ಬುಗಳ ಹಸುರು ಕಣ್ಣು ತಣಿಸಿತು. ಆದರೆ ನಮ್ಮನ್ನು ನಿಲ್ಲಿಸಿದುದು ಬೇಲಿಯ ಕವಳೆಯ ಮುಳ್ಳುಗಿಡ. ಇದರ ಎಳೆಗಾಯಿ ಉಪ್ಪಿನಕಾಯಿಗೆ ಸೊಗಸು. ಮಾಗಿ ಕಪ್ಪಾದ ಹಣ್ಣು ಹುಳಿಸಿಹಿ. ಕಿತ್ತ ತೊಟ್ಟಿನಲ್ಲಿ ಅಂಟುಹಾಲು ಒಸರುವುದರಿಂದ ಕಾಯನ್ನು ಚೆನ್ನಾಗಿ ತೊಳೆದೇ ಬಳಸತಕ್ಕದ್ದು.

ಇದನ್ನು ಅಮೆರಿಕದ ಕ್ರಾನ್‌ಬೆರ್ರಿಗೆ ಸಮನೆನ್ನುವವರುಂಟು. ರುಚಿ ಬಣ್ಣಗಳಲ್ಲಿ ಹೋಲಿಕೆಯಿದ್ದರೂ ಕುಲ ಬೇರೆ. ಕವಳೆಯು ಕಣಗಿಲೆಯ ಕುಟುಂಬದ್ದು. ಕ್ರಾನ್‌ಬೆರ್ರಿಯು ಜೌಗುನೆಲದಲ್ಲಿ ಹಬ್ಬುವ ಗಿಡ. ಅದರ ಒಗರಿನ ಅಂಶವು ರೋಗಾಣುಗಳು ಮೂತ್ರಕೋಶದ ಗೋಡೆಗೆ ಅಂಟದಂತೆ ತಡೆಯುವುದೆಂದು ವಿಜ್ಞಾನಿಗಳ ಅಭಿಪ್ರಾಯ. 2023ರಲ್ಲಿ 50 ಅಧ್ಯಯನಗಳನ್ನು ಪರಿಶೀಲಿಸಿದ ಕಾಕ್ರೇನ್ ಸಮೀಕ್ಷೆಯು, ಪದೇ ಪದೇ ಮೂತ್ರದ ಸೋಂಕಿಗೆ ಗುರಿಯಾಗುವ ಸ್ತ್ರೀಯರಲ್ಲಿಯೂ ಮಕ್ಕಳಲ್ಲಿಯೂ ಕ್ರಾನ್‌ಬೆರ್ರಿಯಿಂದ ಸೋಂಕಿನ ಸಂಭವ ಕಡಿಮೆಯಾಗುವುದೆಂದು ತಿಳಿಸಿತು. ಬಂದ ಸೋಂಕನ್ನು ಗುಣಪಡಿಸುವ ಮಾತು ಅದಲ್ಲ. ಆ ಫಲವನ್ನು ಕವಳೆಗೆ ಆರೋಪಿಸುವುದೂ ಸಲ್ಲದು.

ನಮ್ಮ ಮನೆಗಳಲ್ಲಿ ಸ್ತ್ರೀಯರು ಉರಿಮೂತ್ರವನ್ನು ಸಂಕೋಚದಿಂದ ಮುಚ್ಚಿಡುವುದುಂಟು. ಚಳಿಜ್ವರ, ಬೆನ್ನುನೋವು ಕೂಡಿದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಆಗ ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ಕವಳೆಯನ್ನು ಊಟದೊಡನೆ ಸವಿಯಲು ಅಡ್ಡಿಯಿಲ್ಲ.