ಹೊಳೆಬಾಗಿಲಿನ ಆಚೆ ಈಚೆ

ಸಾಗರದ ನಮ್ಮ ಮನೆಯಲ್ಲಿ ಬೇಸಿಗೆಯ ತಯಾರಿ ಶುರುವಾಗುತ್ತಿದ್ದುದು ಶಿವರಾತ್ರಿ ಕಳೆದ ಮೇಲೆ, ಅಪ್ಪೆಮಿಡಿಯಿಂದ. ಹೊಳೆಸಾಲಿನ ಮರದ ಮಿಡಿಯನ್ನು ತೊಟ್ಟು ಮುರಿಯದೆ, ನೆಲಕ್ಕೆ ಬೀಳಿಸದೆ, ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಇಳಿಸಿ ತರಬೇಕು. ಮಾರುವವನು ಅಂಗಳದಲ್ಲಿ ಬುಟ್ಟಿ ಇಟ್ಟರೆ ನಮ್ಮ ಅತ್ತೆಯವರು ಒಂದು ಮಿಡಿ ಎತ್ತಿ, ತೊಟ್ಟು ಚಿವುಟಿ, ಸೊನೆ ಮೂಸಿ ನೋಡಿದ ಮೇಲೆಯೇ ರೇಟಿನ ಮಾತು. ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ಅದು ನೀರು ಬಿಟ್ಟುಕೊಂಡು ಚಿರುಟುವ ಹೊತ್ತಿಗೆ ಏಪ್ರಿಲ್ 10 ಬಂದಿರುತ್ತಿತ್ತು. ಮಕ್ಕಳ ಪಾಸು-ಫೇಲು ಗೊತ್ತಾದ ಮಾರನೇ ದಿನದಿಂದ ನೆಂಟರು ಬರಲು ಹಿಡಿಯುತ್ತಿದ್ದರು.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು 1976ರಲ್ಲಿ. ಗಣಪತಿ ಕೆರೆಗೆ ಹತ್ತಿರದ ಹಂಚಿನ ಮನೆ. ಮೇಲೆ ಮೆತ್ತು, ಹಿಂದೆ ಬಾವಿ. ಮಾವನವರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಒಬ್ಬ ನಾದಿನಿ ಬೆಂಗಳೂರಿನಲ್ಲಿ, ಇನ್ನೊಬ್ಬರು ಹುಬ್ಬಳ್ಳಿಯಲ್ಲಿ, ಮೈದುನ ಭದ್ರಾವತಿಯ ಕ್ವಾರ್ಟರ್ಸಿನಲ್ಲಿ. ಬೆಂಗಳೂರಿನವರು ರಾತ್ರಿ ಹೊರಟು ಶಿವಮೊಗ್ಗದಲ್ಲಿಳಿದು ತಾಳಗುಪ್ಪದ ಮೀಟರ್‌ಗೇಜ್ ಗಾಡಿಗೆ ಕಾಯಬೇಕಿತ್ತು. ಕುಂಸಿ, ಅರಸಾಳು, ಆನಂದಪುರ ಎಂದು ಕಾಡಿನ ನಡುವೆ ನಿಂತು ನಿಂತು ಬರುವ ಗಾಡಿ. ಸಾಗರ ಜಂಬಗಾರು ಸ್ಟೇಷನ್ನಿನಲ್ಲಿ ಇಳಿಯುವಾಗ ಮಕ್ಕಳ ಕಿವಿಯ ಹಿಂದೆಲ್ಲ ಮಸಿ. ಅಷ್ಟು ಪಡಿಪಾಟಲು ಪಟ್ಟು ಬಂದವರು ಎರಡು ದಿನಕ್ಕೆ ಹೊರಡುವ ಮಾತೇ ಇರಲಿಲ್ಲ. ಬಂದರೆ ತಿಂಗಳು, ಕೆಲವರು ಶಾಲೆ ಶುರುವಾಗುವ ಹಿಂದಿನ ವಾರದವರೆಗೆ.

ಅಷ್ಟು ದಿನ ಅಷ್ಟು ಜನರನ್ನು ಹೇಗೆ ಸಂಭಾಳಿಸಿದಿರಿ ಎಂದು ನನ್ನ ಸೊಸೆ ಕೇಳುತ್ತಾಳೆ. ಅವರು ಕೂತು ಉಣ್ಣಲು ಬರುತ್ತಿರಲಿಲ್ಲ ಎನ್ನುವುದೇ ಇದಕ್ಕೆ ಉತ್ತರ. ಮಳೆಗಾಲದ ನಾಲ್ಕು ತಿಂಗಳಿಗೆ ಬೇಕಾದ್ದನ್ನೆಲ್ಲ ಏಪ್ರಿಲ್-ಮೇ ತಿಂಗಳಲ್ಲಿ ಮಾಡಿಟ್ಟುಕೊಳ್ಳಬೇಕಾದ ಊರು ಇದು. ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು, ಉಪ್ಪಿನಕಾಯಿ, ಸಾರಿನ ಪುಡಿ, ಒಣಗಿಸಿದ ಸೌದೆ. ಇದು ಒಬ್ಬಿಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ನೆಂಟರು ಬಂದಾಗಲೇ ಮಾಡಬೇಕು, ಅವರು ಹೊರಡುವಾಗ ಅವರ ಪಾಲು ಕಟ್ಟಿ ಕೊಡಬೇಕು. ಹೀಗೆ ಲೆಕ್ಕ ಸರಿಹೋಗುತ್ತಿತ್ತು, ಯಾರೂ ಬಾಯಿಬಿಟ್ಟು ಲೆಕ್ಕ ಹಾಕದೆ.

ಹಲಸಿನಕಾಯಿ ಹಪ್ಪಳದ ದಿನ ಮನೆ ಕೋಳಿ ಕೂಗುವ ಮುಂಚೆಯೇ ಏಳುತ್ತಿತ್ತು. ಬೆಳೆದ ಕಾಯಿಯಾಗಬೇಕು, ಹಣ್ಣಿನ ಕಡೆಗೆ ತಿರುಗಿರಬಾರದು. ತಿರುಗಿದರೆ ಹಪ್ಪಳ ಕರಿಯುವಾಗ ಕೆಂಪಾಗಿ ಕಹಿ ಬರುತ್ತದೆ. ಗಂಡಸರು ಕತ್ತಿಗೂ ಕೈಗೂ ಎಣ್ಣೆ ಸವರಿಕೊಂಡು ಕಾಯಿ ಸೀಳಿ, ಮೇಣವನ್ನು ಕಡ್ಡಿಗೆ ಸುತ್ತಿ ತೆಗೆಯುವರು. ನಾವು ಸೊಳೆ ಬಿಡಿಸುವುದು, ಬೇಳೆ ಬೇರೆ ಮಾಡುವುದು. ಹಬೆಯಲ್ಲಿ ಬೇಯಿಸಿದ ಸೊಳೆ ಬಿಸಿಯಾಗಿರುವಾಗಲೇ ಒರಳಿಗೆ ಬೀಳಬೇಕು. ಉಪ್ಪು, ಮೆಣಸು, ಜೀರಿಗೆ, ಕೊತ್ತಂಬರಿ ಸೇರಿಸಿ ಎದುರು-ಬದುರು ನಿಂತು ಇಬ್ಬರು ಒನಕೆ ಹಾಕುವರು, ಮೂರನೆಯವಳು ಒರಳಿನ ಅಂಚಿಗೆ ಬಂದದ್ದನ್ನು ಎರಡು ಪೆಟ್ಟಿನ ನಡುವೆ ಒಳಗೆ ತಳ್ಳುವಳು. ಆ ತಳ್ಳುವ ಕೆಲಸವನ್ನು ನಮ್ಮ ಅತ್ತೆಯವರು ಯಾರಿಗೂ ಕೊಡುತ್ತಿರಲಿಲ್ಲ. ಹುಬ್ಬಳ್ಳಿಯ ನಾದಿನಿಗೆ ಒನಕೆ ಹಿಡಿಸಿ, ಅವಳ ಅತ್ತೆಮನೆಯ ಸಂಗತಿಗಳನ್ನೆಲ್ಲ ಆ ಪೆಟ್ಟುಗಳ ನಡುವೆಯೇ ಕೇಳಿ ತಿಳಿಯುತ್ತಿದ್ದರು. ಎದುರಿಗೆ ಕೂರಿಸಿ ಕೇಳಿದ್ದರೆ ಅವಳು ಹೇಳುತ್ತಿರಲಿಲ್ಲ. ಕೈಗೆ ಕೆಲಸವಿದ್ದಾಗ ಕಣ್ಣು ಕೆಳಗಿರುತ್ತದೆ, ಬಾಯಿಗೆ ಧೈರ್ಯ ಬರುತ್ತದೆ. ಅವಳು ಆ ಮನೆಯಲ್ಲಿ ಪಡುತ್ತಿದ್ದ ಕಷ್ಟ ನಮಗೆ ತಿಳಿದದ್ದು ಹಾಗೆ. ಮಾವನವರು ಮಳೆಗಾಲಕ್ಕೆ ಮುಂಚೆ ಹುಬ್ಬಳ್ಳಿಗೆ ಹೋಗಿ ಮಾತಾಡಿ ಬಂದರು, ಅವಳ ಬದುಕು ಸ್ವಲ್ಪ ನೇರವಾಯಿತು.

ಮಕ್ಕಳಿಗೆ ಹಪ್ಪಳದ ಹಿಟ್ಟಿನ ಉಂಡೆಗೆ ಕೊಬ್ಬರಿ ಎಣ್ಣೆ ಹಚ್ಚಿ ಕೊಟ್ಟರೆ ಬೇರೆ ತಿಂಡಿ ಬೇಡ. ಅದರ ಬದಲಿಗೆ ಅಂಗಳದಲ್ಲಿ ಕಾಗೆ ಕಾಯಬೇಕು. ಮಧ್ಯಾಹ್ನ ಮೂರರ ಮೇಲೆ ಪಶ್ಚಿಮಕ್ಕೆ ಕಪ್ಪಾದರೆ ಇಡೀ ಕೇರಿಯಲ್ಲಿ ಒಂದೇ ಕೂಗು. ನಮ್ಮ ಚಾಪೆ ಪಕ್ಕದ ಮನೆಯ ಜಗುಲಿಗೆ, ಅವರ ಸಂಡಿಗೆ ನಮ್ಮ ಮೆತ್ತಿಗೆ, ಯಾರ ಕೈಗೆ ಯಾವುದು ಸಿಕ್ಕಿತೋ ಅದು. ಅಡ್ಡಮಳೆ ನಿಂತ ಮೇಲೆ ಯಾರದು ಯಾವುದು ಎಂದು ಬೇರೆ ಮಾಡಿಕೊಳ್ಳುವುದಿತ್ತು. ಹಾಸಿಗೆ, ದೊಡ್ಡ ಪಾತ್ರೆ, ಹೆಚ್ಚಿನ ಹಾಲು ಎಲ್ಲವೂ ಬೇಸಿಗೆಯಲ್ಲಿ ಮನೆಯಿಂದ ಮನೆಗೆ ಓಡಾಡುತ್ತಿದ್ದವು. ಕಿರಾಣಿ ಅಂಗಡಿಯವರು ಪುಸ್ತಕದಲ್ಲಿ ಬರೆದುಕೊಂಡು, ಅಡಿಕೆ ದುಡ್ಡು ಬರುವ ತನಕ ಕೇಳುತ್ತಿರಲಿಲ್ಲ. ಪೇಟೆಯೆಂದರೆ ಅಷ್ಟೇ ದೊಡ್ಡದಿತ್ತು, ಎಲ್ಲರಿಗೂ ಎಲ್ಲರ ಮನೆಯ ನೆಂಟರ ಗುರುತಿತ್ತು.

ತಿರುಗಾಟವೂ ಇತ್ತು: ಇಕ್ಕೇರಿ, ಕೆಳದಿ, ವರದಪುರದ ಆಶ್ರಮ, ಗುಡಿಗಾರರ ಕೇರಿಯಲ್ಲಿ ಗಂಧದ ಕೆತ್ತನೆ ನೋಡುವುದು. ಜೋಗಕ್ಕೆ ಹೋಗಲೇಬೇಕೆಂದು ಮಕ್ಕಳು ಹಟ ಹಿಡಿಯುತ್ತಿದ್ದರು. ಮೇ ತಿಂಗಳಲ್ಲಿ ಅಲ್ಲಿ ಬಂಡೆ ಕಾಣುತ್ತಿತ್ತು, ನೀರು ಎಳೆಯಷ್ಟು. ಆ ನೀರು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅದು ನನ್ನ ತವರಿನ ಗದ್ದೆಯ ಮೇಲೆ ನಿಂತಿತ್ತು.

ತವರು ತುಮರಿಯ ಕಡೆ, ಶರಾವತಿಯ ಆಚೆ. ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ನೀರು ನಿಂತ 1964ರಲ್ಲಿ ನನಗೆ ಎಂಟು ವರ್ಷ. ಅದಕ್ಕೂ ಮುಂಚೆ ಹಿರೇಭಾಸ್ಕರದ ಅಣೆಕಟ್ಟಿಗೆ ಒಂದಷ್ಟು ಊರು ಹೋಗಿತ್ತು. ಈ ಸಲ ಆ ಅಣೆಕಟ್ಟನ್ನೇ ನೀರು ನುಂಗಿತು. ನಮ್ಮ ಮನೆ ದಿಬ್ಬದ ಮೇಲಿದ್ದದ್ದಕ್ಕೆ ಉಳಿಯಿತು. ಗದ್ದೆ, ಬಾಗಾಯತಿನ ಹೆಚ್ಚು ಪಾಲು, ಅಪ್ಪಯ್ಯ ನೆಟ್ಟ ಸಸಿಗಳು, ಶಾಲೆಗೆ ಹೋಗುವ ದಾರಿ ಎಲ್ಲ ಮುಳುಗಿತು. ದೊಡ್ಡಪ್ಪನ ಮನೆಯವರು ಗಾಡಿಯಲ್ಲಿ ಸಾಮಾನು ಹೇರಿಕೊಂಡು ಶಿವಮೊಗ್ಗದ ಕಡೆಗೆ ಹೊರಟ ದಿನ ಆಯಿ ಒಲೆ ಹಚ್ಚಲಿಲ್ಲ. ಆಮೇಲೆ ಆ ನೀರಿನಿಂದ ತಯಾರಾದ ಕರೆಂಟು ಬೆಂಗಳೂರಿಗೆ ಹೋಯಿತು. ನಮ್ಮ ಮನೆಯಲ್ಲಿ ಬಹಳ ವರ್ಷ ಚಿಮಣಿ ಬುಡ್ಡಿಯೇ.

ಮೇ ತಿಂಗಳ ಕೊನೆಗೆ, ಈ ಮನೆಯ ನೆಂಟರೆಲ್ಲ ಹೊರಟ ಮೇಲೆ, ನಾನು ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಹೊರಡುತ್ತಿದ್ದೆ. ಸಾಗರದಿಂದ ಆವಿನಹಳ್ಳಿ ಮೇಲೆ ಹೊಳೆಬಾಗಿಲಿಗೆ ಬಸ್ಸು. ಮುಂದೆ ನೀರು. ಮೊದಮೊದಲು ದೋಣಿ, ಆಮೇಲೆ ಲಾಂಚ್, ಕಡೆಕಡೆಗೆ ಬಸ್ಸು, ಜೀಪುಗಳನ್ನೂ ಹೊತ್ತು ದಾಟಿಸುವ ದೊಡ್ಡ ಲಾಂಚ್. ಈಚೆಯ ಅಂಬಾರಗೋಡ್ಲು ದಡದಲ್ಲಿ ಕಾಯುವಾಗ ನೆರಳೇ ಇರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದಷ್ಟೂ ಲಾಂಚ್ ನಿಲ್ಲುವ ಜಾಗ ಕೆಳಕ್ಕೆ ಹೋಗುತ್ತಿತ್ತು. ಕೆಸರು ಒಣಗಿ ಬಿರಿದ ಇಳಿಜಾರಿನಲ್ಲಿ ಮಗು ಎತ್ತಿಕೊಂಡು ಇಳಿಯಬೇಕಿತ್ತು. ತೀರಾ ಇಳಿದ ವರ್ಷ ವಾಹನ ಹತ್ತಿಸುತ್ತಿರಲಿಲ್ಲ. ಅಂಥ ವರ್ಷಗಳಲ್ಲೇ ಹಿರೇಭಾಸ್ಕರದ ಹಳೇ ಕಟ್ಟೆ ಮೇಲೆ ಕಾಣುತ್ತಿತ್ತು, ಒಣಗಿದ ಮರದ ಬೊಡ್ಡೆಗಳೂ. ಅಪ್ಪಯ್ಯ ನನ್ನ ಮಕ್ಕಳನ್ನು ಕರೆದುಕೊಂಡು ಹೋಗಿ, ಇದು ನಮ್ಮ ಗದ್ದೆಯ ಬದು, ಇದು ಬಾವಿ ಎಂದು ಕೋಲಿನಿಂದ ತೋರಿಸುತ್ತಿದ್ದ. ಮಕ್ಕಳಿಗೆ ಬರೀ ಕೆಸರು ಕಾಣುತ್ತಿತ್ತು. ಅಜ್ಜನ ಮುಖ ನೋಡಿ ಹೂಂಗುಟ್ಟುತ್ತಿದ್ದವು.

ಜಗುಲಿ ಹತ್ತುವ ಮುಂಚೆಯೇ ಆಯಿ, “ಬಂದ್ಯನೇ ಕೂಸೆ? ಆಸ್ರಿಗೆ ಎಂತ ಬೇಕು?” ಎನ್ನುವಳು. ತವರಿನಲ್ಲಿ ನಾನು ಕೆಲಸ ಮುಟ್ಟುವ ಹಾಗಿರಲಿಲ್ಲ. ಅಪ್ಪೆಹುಳಿ, ತಂಬುಳಿ, ಊಟವಾದ ಮೇಲೆ ಹೊಳೆಯ ಗಾಳಿಗೆ ಜಗುಲಿಯಲ್ಲಿ ನಿದ್ದೆ. ಇಡೀ ಬೇಸಿಗೆ ದುಡಿದ ಮೈ ಅಲ್ಲಿ ಸಡಿಲವಾಗುತ್ತಿತ್ತು. ಮುಂಗಾರು ಇಳಿಯುವ ಮೊದಲು ವಾಪಸಾಗಬೇಕಿತ್ತು, ಗಾಳಿ-ಮಳೆ ಎದ್ದರೆ ಲಾಂಚಿನ ಭರವಸೆ ಇರಲಿಲ್ಲ.

ಹೊಳೆಗೆ ಸೇತುವೆಯಾದ ಮೇಲೆ ಈಗ ಬಹಳ ಜನ ಲಾಂಚನ್ನು ನೆನೆದು ಹಂಬಲಿಸುತ್ತಾರೆ. ಸಿಗಂದೂರು ದೇವಸ್ಥಾನಕ್ಕೆಂದು ಬಂದು, ಲಾಂಚಿನ ಕಟಕಟೆಗೆ ಒರಗಿ ಫೋಟೊ ತೆಗೆಸಿಕೊಂಡವರು. ಅವರ ಸಂತೋಷಕ್ಕೆ ನಾನು ಅಡ್ಡ ಹೇಳುವುದಿಲ್ಲ. ಆದರೆ ಆಚೆ ದಡದಲ್ಲಿ ಹುಟ್ಟಿದವರಲ್ಲಿ ಹಾಗೆ ಹಂಬಲಿಸುವವರನ್ನು ನಾನು ಕಂಡಿಲ್ಲ. ಯಾತ್ರಿಕರು ಹೆಚ್ಚಾದ ಮೇಲೆ ರಜೆಯ ದಿನಗಳಲ್ಲಿ ಊರಿನವರೇ ಕಾರುಗಳ ಸಾಲಿನ ಹಿಂದೆ ಗಂಟೆಗಟ್ಟಲೆ ನಿಲ್ಲಬೇಕಾಗಿತ್ತು. ಸಂಜೆಯ ಕಡೇ ಲಾಂಚ್ ಹೋದರೆ ಹೋಯಿತು, ಬೆಳಗಿನವರೆಗೆ ಆಚೆಯವರು ಆಚೆ, ಈಚೆಯವರು ಈಚೆ. ನನ್ನ ಅತ್ತಿಗೆಗೆ ಎರಡನೇ ಹೆರಿಗೆಯ ನೋವು ಎದ್ದದ್ದು ಕತ್ತಲಾದ ಮೇಲೆ. ಅಣ್ಣ ಜೀಪು ಮಾಡಿಸಿಕೊಂಡು ದಡಕ್ಕೆ ತಂದ. ದೋಣಿಯವನನ್ನು ಹುಡುಕಿ ಎಬ್ಬಿಸಿ ದಾಟುವಷ್ಟರಲ್ಲಿ ಬೆಳಕು ಹರಿಯುತ್ತಿತ್ತು. ಸಾಗರದ ಆಸ್ಪತ್ರೆಯಲ್ಲಿ ಅತ್ತಿಗೆ ಉಳಿದಳು, ಮಗು ಉಳಿಯಲಿಲ್ಲ. ಆ ಬೇಸಿಗೆ ನಮ್ಮ ಮನೆಯಲ್ಲಿ ಬಾಣಂತನ ಮಾಡಿದ್ದು ತೊಟ್ಟಿಲಿಲ್ಲದ ಬಾಣಂತಿಗೆ. ಆದ್ದರಿಂದ ಸೇತುವೆಯ ಬಗ್ಗೆ ಯಾರು ಏನೇ ಹೇಳಿದರೂ ನನಗೆ ಅನ್ನಿಸುವುದು ಒಂದೇ: ತಡವಾಯಿತು. 1964ರಲ್ಲಿ ನೀರು ನಿಲ್ಲಿಸಿದವರು ಆಗಲೇ ಯೋಚಿಸಬೇಕಿತ್ತು. 2018ರಲ್ಲಿ ಶಂಕುಸ್ಥಾಪನೆಯಾಗಿ, 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ, ನಡುವೆ ಕೇಬಲ್ಲುಗಳಿಂದ ಬಿಗಿದದ್ದು. ಮಗ ಮೊದಲ ಸಲ ಅದರ ಮೇಲೆ ಕಾರಿನಲ್ಲಿ ಕರೆದುಕೊಂಡು ಹೋದಾಗ ನಾನು ಮಾತಾಡಲಿಲ್ಲ. ಅತ್ತಿಗೆ ಹಿಂದಿನ ಸೀಟಿನಲ್ಲಿದ್ದಳು. ಅವಳೂ ಮಾತಾಡಲಿಲ್ಲ.

ಈಚೆ ದಡದ ಬೇಸಿಗೆ ಬದಲಾದದ್ದಕ್ಕೆ ಸೇತುವೆ ಕಾರಣವಲ್ಲ, ಅದು ಬಹಳ ಮೊದಲೇ ಶುರುವಾಗಿತ್ತು. ಕಲ್ಲಿದ್ದಲಿನ ಗಾಡಿ ಹೋಗಿ ಕಡೆಗೆ ಪುಟ್ಟ ರೈಲ್‌ಬಸ್ ಓಡಿತು, ಅದೂ ನಿಂತು ಹಳಿ ಅಗಲವಾಯಿತು. ಈಗ ಬೆಂಗಳೂರಿನಲ್ಲಿ ರಾತ್ರಿ ಮಲಗಿದರೆ ಬೆಳಿಗ್ಗೆ ಸಾಗರ. 2023ರಿಂದ ಶಿವಮೊಗ್ಗದ ಸೋಗಾನೆಗೆ ವಿಮಾನವೂ ಬರುತ್ತದೆ. ಬರುವುದು ಸಲೀಸಾದಂತೆ ಉಳಿಯುವ ದಿನ ಕಡಿಮೆಯಾಗುತ್ತ ಬಂತು: ತಿಂಗಳು ಇದ್ದದ್ದು ಹದಿನೈದು ದಿನವಾಯಿತು, ವಾರವಾಯಿತು, ಈಗ ಶುಕ್ರವಾರ ರಾತ್ರಿ ಹೊರಟು ಭಾನುವಾರ ರಾತ್ರಿಯ ರೈಲಿಗೆ ವಾಪಸು. ಮಕ್ಕಳಿಗೆ ಸಮ್ಮರ್ ಕ್ಯಾಂಪ್, ಈಜು, ಮುಂದಿನ ಕ್ಲಾಸಿನ ಟ್ಯೂಷನ್. ಹಪ್ಪಳವನ್ನು ಸ್ತ್ರೀಶಕ್ತಿ ಸಂಘದ ಹೆಂಗಸರು ಮೆಷಿನ್ನಿನಲ್ಲಿ ಒತ್ತಿ ಪ್ಯಾಕೆಟ್ ಮಾಡಿ ಕೊಡುತ್ತಾರೆ, ರುಚಿಯೂ ಚೆನ್ನಾಗಿರುತ್ತದೆ. ಅದರಿಂದ ಅವರ ಕೈಗೆ ನಾಲ್ಕು ಕಾಸು ಬರುತ್ತದೆ. ನಮಗೆ ಆ ಕೆಲಸಕ್ಕೆ ಯಾರೂ ಕಾಸು ಕೊಟ್ಟಿರಲಿಲ್ಲ. ಆದ್ದರಿಂದ ಪ್ಯಾಕೆಟ್ ಹಪ್ಪಳವನ್ನು ನಾನು ಬೈಯುವುದಿಲ್ಲ.

ನನಗೆ ಸಂಕಟವಾಗುವುದು ಬೇರೆಯದಕ್ಕೆ. ಹುಬ್ಬಳ್ಳಿಯ ನಾದಿನಿಯ ಮೊಮ್ಮಗಳು ಹೋದ ಬೇಸಿಗೆಯಲ್ಲಿ ಗಂಡನ ಜೊತೆ ಬಂದಿದ್ದಳು. ಏನೋ ಹೇಳಬೇಕು ಎಂದಿರುವ ಮುಖ. ಸೋಫಾದ ಮೇಲೆ ಕೂತೆವು, ಕಾಫಿ ಕುಡಿದೆವು, ಎಲ್ಲರೂ ಚೆನ್ನಾಗಿದ್ದಾರೆ ಎಂದಳು. ಮಾರನೇ ದಿನ ಇಕ್ಕೇರಿ, ಜೋಗ ನೋಡಿ ಅಲ್ಲಿಂದಲೇ ಹೊರಟರು. ಒಂದು ವಾರ ಇದ್ದಿದ್ದರೆ, ಬಾವಿಕಟ್ಟೆಯ ಹತ್ತಿರವೋ ಸೊಪ್ಪು ಸೋಸುವಾಗಲೋ ತಾನಾಗಿ ಹೇಳುತ್ತಿದ್ದಳು. ಆರು ತಿಂಗಳಾದ ಮೇಲೆ ಫೋನಿನಲ್ಲಿ ಅವಳ ತಾಯಿಯಿಂದ ಸುದ್ದಿ ಗೊತ್ತಾಯಿತು, ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ನಾನು ಮನೆಯಲ್ಲಿ ಒಂದು ಪದ್ಧತಿ ಮಾಡಿದ್ದೇನೆ. ಬೇಸಿಗೆಯಲ್ಲಿ ಯಾರು ಬಂದರೂ ಮಾಡಲು ಒಂದು ಕೆಲಸ ಬಾಕಿ ಇಟ್ಟಿರುತ್ತೇನೆ. ಮಿಡಿಗೆ ಸಾಸಿವೆ-ಮೆಣಸಿನ ಖಾರ ಬೆರೆಸುವುದು, ಹಲಸಿನ ಬೇಳೆಗೆ ಮಣ್ಣು ಸವರಿ ಇಡುವುದು, ಹುಣಸೆಹಣ್ಣಿನ ಬೀಜ ತೆಗೆಯುವುದು, ಏನಾದರೊಂದು. ಸೊಸೆ, “ಬಂದವರಿಗೆ ಕೆಲಸ ಹಚ್ತೀರಲ್ಲ ಅತ್ತೆ” ಎಂದು ಆಕ್ಷೇಪಿಸುತ್ತಾಳೆ, ಆದರೆ ತಾನೂ ಬಂದು ಪಕ್ಕದಲ್ಲಿ ಕೂರುತ್ತಾಳೆ. ಬೆಂಗಳೂರಿನ ಮೊಮ್ಮಗಳು ಈ ಸಲ ಹುಣಸೆಹಣ್ಣಿನ ಮುಂದೆ ಕೂತು, ಶಾಲೆಯಲ್ಲಿ ತನ್ನ ಜೊತೆ ಯಾರೂ ಊಟಕ್ಕೆ ಕೂರುವುದಿಲ್ಲ ಎಂದು ಹೇಳಿದಳು. ಅವಳ ತಾಯಿಗೂ ಅದು ಗೊತ್ತಿರಲಿಲ್ಲ.

ಈಗಲೂ ತಪ್ಪದೆ ಬರುವ ನೆಂಟ ಒಬ್ಬನಿದ್ದಾನೆ, ನನ್ನ ಅಣ್ಣನ ಮಗ. ಮುಳುಗಡೆಯಲ್ಲಿ ಹೋದ ಜಮೀನಿನ ಬದಲಿಗೆ ಸಾಗುವಳಿ ಮಾಡಿಕೊಂಡು ಬಂದ ಜಾಗದ ಹಕ್ಕುಪತ್ರ ಇನ್ನೂ ಕೈಗೆ ಬಂದಿಲ್ಲ. ಅಪ್ಪಯ್ಯ ಶುರು ಮಾಡಿದ ಅರ್ಜಿ, ಅಣ್ಣ ಮುಂದುವರಿಸಿದ್ದು, ಈಗ ಇವನ ಚೀಲದಲ್ಲಿದೆ. ಕಚೇರಿಯ ಕೆಲಸಕ್ಕೆ ಬಂದರೆ ಮೊದಲೆಲ್ಲ ಕಡೇ ಲಾಂಚ್ ತಪ್ಪಿ ನಮ್ಮ ಮೆತ್ತಿನ ಮೇಲೆ ಮಲಗುತ್ತಿದ್ದ. ರಾತ್ರಿ ಆಯಿಯ ಮಂಡಿನೋವು, ತೋಟದ ಕೊಳೆರೋಗ, ಹುಡುಗಿ ನೋಡಿದ್ದು ಎಲ್ಲ ಹೇಳುತ್ತಿದ್ದ. ಮೊನ್ನೆ ಬಂದವನಿಗೆ ಊಟ ಬಡಿಸಿ, ಉಳಿದು ಹೋಗು ಮಾಣಿ ಎಂದೆ. “ಇಲ್ಯೇ ಅತ್ತೆ, ಸೇತುವೆ ಆಜಲೆ, ಎಷ್ಟೊತ್ತಾದ್ರೂ ಹೋಗ್ಲಕ್ಕು” ಎಂದು ಬೈಕಿನ ಕೀ ತೆಗೆದ. ಕಾಗದದ ಕೆಲಸ ಆಯಿತೇನೋ ಎಂದು ಕೇಳಿದೆ. ಮುಂದಿನ ಮಂಗಳವಾರ ಬರಲು ಹೇಳಿದ್ದಾರಂತೆ. ಹಾಗಾದರೆ ಸೋಮವಾರ ಸಂಜೆಯೇ ಬಾ, ಹಲಸಿನಕಾಯಿ ತರಿಸಿರುತ್ತೇನೆ, ಸೀಳಿ ಕೊಡುವವರು ಇಲ್ಲ ಎಂದೆ. ಬರುತ್ತೇನೆ ಎಂದಿದ್ದಾನೆ.