ಜಿಂಚೋನಿನ ಬಿಲ್ಲುಗಾರರು

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ನಗರವನ್ನು ಬಿಟ್ಟು ದಕ್ಷಿಣಾಭಿಮುಖವಾಗಿ ಸಾಗಿದರೆ, ಮುಗಿಲೆತ್ತರದ ಕಟ್ಟಡಗಳು ಕ್ರಮೇಣ ಹಿಂದೆ ಸರಿದು, ಗುಡ್ಡಗಳ ನಡುವೆ ಬತ್ತದ ಗದ್ದೆಗಳು ಕಾಣತೊಡಗುತ್ತವೆ. ಉತ್ತರ ಚುಂಗ್‌ಚೋಂಗ್ ಪ್ರಾಂತದ ಜಿಂಚೋನ್ ಸೀಮೆಯಿದು. ಬದುಕಿರುವಾಗ ಜಿಂಚೋನಿನಲ್ಲಿರಬೇಕು, ಸತ್ತ ಮೇಲೆ ಯೋಂಗಿನ್‌ನಲ್ಲಿರಬೇಕು ಎಂಬುದು ಆ ನಾಡಿನ ಹಳೆಯ ನಾಣ್ಣುಡಿ. ಇಲ್ಲಿಯ ಹೊಳೆಗೆ ಅಡ್ಡಲಾಗಿ, ಗಾರೆಯ ಸೋಂಕಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ನೊಂಗ್‌ದಾರಿ ಎಂಬ ಸೇತುವೆಯಿದೆ. ಅದು ಸಾವಿರ ವರ್ಷ ಹಳೆಯದೆಂದು ಹೇಳುತ್ತಾರೆ.

ಈ ಪ್ರಶಾಂತ ಸೀಮೆಯಲ್ಲಿಯೇ ಆ ದೇಶದ ರಾಷ್ಟ್ರೀಯ ಕ್ರೀಡಾ ತರಬೇತಿ ಕೇಂದ್ರವಿದೆ. ಮೊದಲು ಸೋಲ್‌ನ ತೇರುಂಗ್‌ನಲ್ಲಿದ್ದ ಕೇಂದ್ರವು 2017ರಲ್ಲಿ ಇಲ್ಲಿಗೆ ಬಂದಿತು. ಒಲಿಂಪಿಕ್ಸ್‌ನಲ್ಲಿ ಮಹಿಳಾ ತಂಡಗಳ ಬಿಲ್ಲುಗಾರಿಕೆ ಆರಂಭವಾದ 1988ರಿಂದ 2024ರ ಪ್ಯಾರಿಸ್ ಕೂಟದವರೆಗೆ, ಹತ್ತಕ್ಕೆ ಹತ್ತು ಸಲವೂ ಕೊರಿಯಾದ ವನಿತೆಯರೇ ಚಿನ್ನ ಗೆದ್ದಿದ್ದಾರೆ. ಗದ್ದೆ ಗುಡ್ಡಗಳ ನಡುವೆ ಅಭ್ಯಾಸ ಮಾಡಿದವರ ಕೈ, ಸಾವಿರಾರು ಜನರ ಗದ್ದಲದಲ್ಲಿ ನಡುಗದಿರುವುದು ಹೇಗೆ?

ಬಿಲ್ಲುಗಾರರು ನಿಲ್ಲುವುದು ಗುರಿಯಿಂದ 70 ಮೀಟರು ದೂರದಲ್ಲಿ. ಹತ್ತು ಅಂಕದ ವರ್ತುಲದ ಅಗಲ 12.2 ಸೆಂಟಿಮೀಟರು ಮಾತ್ರ. ವೈಯಕ್ತಿಕ ಪಂದ್ಯದಲ್ಲಿ ಒಂದು ಬಾಣಕ್ಕೆ ದೊರೆಯುವ ಕಾಲ 20 ಸೆಕೆಂಡು. ಅಪಾಯವನ್ನು ಕಂಡಾಗ ನಮ್ಮ ಶರೀರವು ಅಡ್ರಿನಲಿನ್ ರಸವನ್ನು ರಕ್ತಕ್ಕೆ ಸುರಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಮೇಲಕ್ಕೇರುತ್ತದೆ, ಬೆರಳು ಕಂಪಿಸುತ್ತದೆ. ಓಡುವವನಿಗೆ ಇದರಿಂದ ಬಲ ಬಂದೀತು. ಬಿಲ್ಲು ಹಿಡಿದು ಅಲುಗದೆ ನಿಂತವನಿಗೆ ಇದೇ ವೈರಿ. ನಿಧಾನವಾಗಿ ಉಸಿರನ್ನು ಹೊರಬಿಟ್ಟರೆ ಎದೆಬಡಿತ ತುಸು ತಗ್ಗುತ್ತದೆ. ಆದರೆ ಶರೀರವು ಯಾವುದನ್ನು ಅಪಾಯವೆಂದು ಭಾವಿಸುತ್ತದೆ? ಬಹುಮಟ್ಟಿಗೆ, ತನಗೆ ಪರಿಚಯವಿಲ್ಲದುದನ್ನು.

ಆದುದರಿಂದ ಅವರು ಪರಸ್ಥಳವನ್ನೇ ಜಿಂಚೋನಿಗೆ ಕರೆತಂದರು. ಟೋಕಿಯೋ ಕೂಟಕ್ಕೆ ಮುನ್ನ ಅಲ್ಲಿಯ ಯುಮೆನೊಶಿಮಾ ಉದ್ಯಾನದ ಕಣವನ್ನೂ, ಪ್ಯಾರಿಸ್ ಕೂಟಕ್ಕೆ ಮುನ್ನ ಲೆಜ಼್ಯಾಂವಲೀಡ್ ಭವನದ ಮುಂದಿನ ಕಣವನ್ನೂ ಇಲ್ಲಿ ಹೋಲುವಂತೆ ನಿರ್ಮಿಸಿ, ಅಲ್ಲಿ ಕೇಳಬಹುದಾದ ಘೋಷಣೆಗಳನ್ನೂ ಜನರ ಗದ್ದಲವನ್ನೂ ಧ್ವನಿವರ್ಧಕದಲ್ಲಿ ಕೇಳಿಸುತ್ತ ಬಾಣ ಬಿಡಿಸಿದರು. 2024ರಲ್ಲಿ ಜೊಂಜು ನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ, ಪಂದ್ಯ ನೋಡಲು ನೆರೆದ ಜನರ ನಡುವೆಯೂ ಅಭ್ಯಾಸ ನಡೆಯಿತು. ನಿಜವಾದ ಕಣಕ್ಕೆ ಕಾಲಿಟ್ಟ ದಿನ ಅದು ಹೊಸದೆನಿಸಬಾರದು ಎಂಬುದೇ ಇದರ ಮರ್ಮ.

2021ರ ಜುಲೈ 30ರಂದು ಟೋಕಿಯೋದಲ್ಲಿ ಇದಕ್ಕೆ ಕಠಿಣ ಪರೀಕ್ಷೆಯೊದಗಿತು. ಇಪ್ಪತ್ತರ ಹರೆಯದ ಆನ್ ಸಾನ್ ಎರಡು ಚಿನ್ನ ಗೆದ್ದಾಗಿತ್ತು. ಅದೇ ದಿನಗಳಲ್ಲಿ, ಕೂದಲು ಗಿಡ್ಡವಾಗಿದೆಯೆಂಬ ಕಾರಣಕ್ಕೆ ಸ್ವದೇಶದಲ್ಲಿ ಕೆಲವರು ಆಕೆಯನ್ನು ಅಂತರ್ಜಾಲದಲ್ಲಿ ನಿಂದಿಸುತ್ತಿದ್ದರು. ಫೈನಲ್‌ನಲ್ಲಿ ರಷ್ಯದ ಎಲೆನಾ ಒಸಿಪೋವಾರೊಡನೆ ಅಂಕ ಸಮವಾಗಿ, ಒಂದೇ ಬಾಣದ ನಿರ್ಣಯ ಉಳಿಯಿತು. ಆ ಕೂಟದಲ್ಲಿ ಬಿಲ್ಲುಗಾರರ ಹೃದಯಬಡಿತವನ್ನು ದೂರದರ್ಶನದ ತೆರೆಯ ಮೇಲೆ ತೋರಿಸುತ್ತಿದ್ದರು. ಒಸಿಪೋವಾರದು ನಿಮಿಷಕ್ಕೆ 167ರ ಆಸುಪಾಸು, ಆನ್ ಸಾನ್‌ರದು 118ರ ಆಸುಪಾಸು. ಆನ್ ಸಾನ್ ಹತ್ತನ್ನು ತಾಗಿಸಿದರು. ಎದುರಾಳಿಗೆ ಎಂಟು ಬಂದಿತು. ಆನ್ ಸಾನ್‌ರ ಎದೆಯೇನೂ ವಿಶ್ರಾಂತಿಯಲ್ಲಿರಲಿಲ್ಲ ಎಂಬುದನ್ನು ಗಮನಿಸಬೇಕು. ಅಂತೆಯೇ, ಅಷ್ಟು ಹೊಡೆದುಕೊಳ್ಳುತ್ತಿದ್ದ ಎದೆಯೊಡನೆಯೇ ಒಸಿಪೋವಾ ಬೆಳ್ಳಿ ಪದಕ ಪಡೆದರೆಂಬುದನ್ನೂ ಮರೆಯಲಾಗದು.

ಗೆದ್ದವರಿಗೆ ಜಿಂಚೋನ್ ಶಾಶ್ವತ ಪೀಠವನ್ನೇನೂ ಕೊಡುವುದಿಲ್ಲ. ಪ್ರತಿ ಒಲಿಂಪಿಕ್ಸ್‌ಗೂ ಎಲ್ಲರೊಡನೆ ಮತ್ತೆ ಆಯ್ಕೆಯ ಕಣದಲ್ಲಿ ನಿಲ್ಲಬೇಕು. ಟೋಕಿಯೋದಲ್ಲಿ ಮೂರು ಚಿನ್ನ ಗೆದ್ದ ಆನ್ ಸಾನ್‌ರಿಗೆ ಪ್ಯಾರಿಸ್ ತಂಡದಲ್ಲಿ ಸ್ಥಾನ ದೊರೆಯಲಿಲ್ಲ. ಮನಸ್ಸಿನ ಸ್ಥೈರ್ಯವೂ ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಒಡವೆಯಲ್ಲ. ದಿನದಿನವೂ ದುಡಿದು ಉಣ್ಣುವ ಅನ್ನ.

ಮಾರ್ಚ್ ತಿಂಗಳು ಬಂದಿತೆಂದರೆ ನಮ್ಮ ಮನೆಗಳಲ್ಲಿ ಮಕ್ಕಳಿಗೆ "ಹೆದರಬೇಡಪ್ಪಾ" ಎಂದು ಹೇಳುತ್ತೇವೆ. ಆ ಮಾತನ್ನು ಮಗುವಿನ ಕಿವಿ ಕೇಳೀತು, ಎದೆ ಕೇಳಲಾರದು. ಅದರ ಬದಲು ಪರೀಕ್ಷಾ ಕೇಂದ್ರಕ್ಕೆ ಒಮ್ಮೆ ಮುಂಚಿತವಾಗಿ ಕರೆದೊಯ್ದು ತೋರಿಸಿದರೆ, ಮನೆಯಲ್ಲಿ ಗಡಿಯಾರವಿಟ್ಟು ನಾಲ್ಕಾರು ಸಲ ಪೂರ್ತಿ ಪ್ರಶ್ನೆಪತ್ರಿಕೆ ಬರೆಯಿಸಿದರೆ, ಆ ದಿನ ಕೈ ತುಸು ನಡುಗಿದರೂ ಅಕ್ಷರ ತಪ್ಪಲಾರದು.