ಸಂಕ್ರಾಂತಿ ಮುಗಿದರೂ ಬೆಳಕು ಯಾಕೆ ಲೇಟು?

ನಮ್ಮ ಗ್ಯಾಂಗ್‌ನಲ್ಲಿ ರಾಮನಗರ, ಚನ್ನಪಟ್ಟಣದವರಿಗೆ ರೈಲು. ಕನಕಪುರ, ಮಾಗಡಿಯವರಿಗೆ ಬಸ್ಸೇ ಗತಿ. ಎಲ್ಲರೂ ಮನೆ ಬಿಡೋದು ಆರು ಗಂಟೆಗೆ. ಜನವರಿಯಲ್ಲಿ ಆ ಹೊತ್ತಿಗೆ ಇನ್ನೂ ಕತ್ತಲು. ಕನಕಪುರ, ಚನ್ನಪಟ್ಟಣದ ಕಾಡಂಚಿನ ಊರುಗಳಲ್ಲಿ ಆನೆ ಭಯ ಬೇರೆ. ಸ್ಟಾಪ್‌ವರೆಗೆ ಅಪ್ಪನೋ ಅಣ್ಣನೋ ಟಾರ್ಚ್ ಹಿಡಿದು ಬರಲೇಬೇಕು.

"ಸಂಕ್ರಾಂತಿ ಆಯ್ತಲ್ಲ ಮಗಾ, ಇನ್ಮೇಲೆ ಹೊತ್ತು ಬೆಳೀತದೆ" ಅಂತ ಅಜ್ಜಿಯರು ಸಮಾಧಾನ ಹೇಳ್ತಾರೆ. ಹಗಲು ಬೆಳೆಯೋದು ನಿಜ. ಆದರೆ ಬೆಳಗಾಗೋದು ಮಾತ್ರ ಇನ್ನೂ ತಡ ಆಗ್ತಾ ಹೋಗುತ್ತೆ! ಹೇಗೆ ಅಂತ ಲೆಕ್ಕ ಹಾಕಿದೆವು.

ಭೂಮಿಯ ಅಕ್ಷ 23.4 ಡಿಗ್ರಿ ವಾಲಿದೆ. ರಾಮನಗರ ಇರೋದು ಸುಮಾರು 12.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸಮಭಾಜಕಕ್ಕೆ ಹತ್ತಿರ ಇರೋದ್ರಿಂದ ನಮ್ಮ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಎಂ.ಎಸ್. ಮಾಡಲು ಮ್ಯೂನಿಕ್‌ಗೆ ಹೋದ ಸೀನಿಯರ್‌ಗೆ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂ ಇಪ್ಪತ್ತಕ್ಕೇ ಸೂರ್ಯ ಮುಳುಗುತ್ತಾನೆ.

ಡಿಸೆಂಬರ್ 21ಕ್ಕೆ ನಮ್ಮಲ್ಲಿ ಸೂರ್ಯೋದಯ ಸುಮಾರು 6.37ಕ್ಕೆ. ಜನವರಿ ಕೊನೆಗೆ ಹಗಲು ಸುಮಾರು 12 ನಿಮಿಷ ಬೆಳೆದಿರುತ್ತೆ. ಬೆಳಗ್ಗೆ 6 ನಿಮಿಷ, ಸಂಜೆ 6 ನಿಮಿಷ ಅಂತ ಹಂಚಿದರೆ ಸೂರ್ಯ 6.31ಕ್ಕೆ ಬರಬೇಕು. ಬರೋದು 6.46ಕ್ಕೆ!

ಚನ್ನಪಟ್ಟಣದ ಬುಗುರಿ ವಾಲಿಕೊಂಡೇ ಸುತ್ತುವ ಹಾಗೆ ಭೂಮಿಯೂ ವಾಲಿಕೊಂಡೇ ಸುತ್ತುತ್ತೆ. ಒಂದು ಸುತ್ತು ಮುಗಿಯೋಷ್ಟರಲ್ಲಿ ಅದು ತನ್ನ ಕಕ್ಷೆಯಲ್ಲೂ ಮುಂದೆ ಹೋಗಿರುತ್ತೆ. ಸೂರ್ಯನಿಗೆ ಮತ್ತೆ ಎದುರಾಗಲು ಇನ್ನಷ್ಟು ತಿರುಗಬೇಕು. ಜನವರಿ ಮೊದಲ ವಾರ ಭೂಮಿ ಸೂರ್ಯನಿಗೆ ಅತಿ ಹತ್ತಿರ, ಓಟವೂ ಜೋರು. ಅಕ್ಷ ವಾಲಿರೋದ್ರಿಂದಲೂ ಆ ದಿನಗಳಲ್ಲಿ ಈ 'ಇನ್ನಷ್ಟು' ಜಾಸ್ತಿಯಾಗುತ್ತೆ. ಹೀಗೆ ಡಿಸೆಂಬರ್ ಕೊನೆಯಲ್ಲಿ ಸೂರ್ಯ ನಮ್ಮ ಗಡಿಯಾರಕ್ಕಿಂತ ದಿನಕ್ಕೆ ಅರ್ಧ ನಿಮಿಷದಷ್ಟು ಹಿಂದೆ ಬೀಳ್ತಾನೆ. 12.19ಕ್ಕಿದ್ದ ನಿಜವಾದ ನಡುಹಗಲು ಜನವರಿ ಕೊನೆಗೆ 12.34ಕ್ಕೆ ಜಾರುತ್ತೆ.

15ರಲ್ಲಿ 6 ಕಳೆದರೆ, ಬೆಳಗ್ಗೆ 9 ನಿಮಿಷ ಲೇಟು. 15ಕ್ಕೆ 6 ಕೂಡಿದರೆ, ಸಂಜೆ 21 ನಿಮಿಷ ಲಾಭ. ಅಜ್ಜಿ ಮಾತು ಸುಳ್ಳಲ್ಲ. ಬೆಳೆದ ಹೊತ್ತೆಲ್ಲ ಸಂಜೆಯ ಪಾಲಾಗಿದೆ.

ಟಾರ್ಚ್ ಹಿಡಿದು ನಿಲ್ಲುವವರಿಗೆ ಒಂಬತ್ತು ನಿಮಿಷ ಸಣ್ಣದಲ್ಲ. ಹಾಗಾಗಿ ಟೈಂಟೇಬಲ್ ಹಾಕುವವರಲ್ಲಿ ನಮ್ಮದೊಂದು ಮನವಿ: ಜನವರಿ, ಫೆಬ್ರವರಿಯಲ್ಲಿ ಮೊದಲ ಪೀರಿಯಡ್ ಕಾಲು ಗಂಟೆ ತಡವಾಗಿ ಶುರುಮಾಡಿ. ಆ ಕಾಲು ಗಂಟೆಯನ್ನು ಸಂಜೆಗೆ ಸೇರಿಸಿಕೊಳ್ಳಿ. ಸಂಜೆ ಹೇಗೂ ಬೆಳಕಿರುತ್ತೆ.